ಜಾರ್ಜ್ ಮುಲ್ಲರ್: ಕದ್ದ ಕೈ ಲೆಕ್ಕ ಕೊಟ್ಟ ಕಥೆ

ಬ್ರಿಸ್ಟಲ್‌ನ ಕೌಂಟಿ ಕ್ರಿಕೆಟ್ ಮೈದಾನ ಅಂದರೆ ನಮ್ಮಲ್ಲಿ ಹಲವರಿಗೆ ನೆನಪಾಗುವುದು 1999ರ ವಿಶ್ವಕಪ್. ಕೀನ್ಯಾ ವಿರುದ್ಧ ಸಚಿನ್ ಮತ್ತು ನಮ್ಮ ದ್ರಾವಿಡ್ ಇಬ್ಬರೂ ಶತಕ ಹೊಡೆದು ಔಟಾಗದೆ ಉಳಿದ ಪಂದ್ಯ ಅದು. ಆ ಮೈದಾನದ ಪಕ್ಕದಲ್ಲೇ ದೊಡ್ಡ ದೊಡ್ಡ ಹಳೆಯ ಕಲ್ಲಿನ ಕಟ್ಟಡಗಳಿವೆ. ಆ ಜಾಗದ ಹೆಸರು ಆಶ್ಲಿ ಡೌನ್. ಒಂದು ಕಾಲದಲ್ಲಿ ಅಪ್ಪ ಅಮ್ಮ ಇಲ್ಲದ ಎರಡು ಸಾವಿರ ಮಕ್ಕಳು ಅಲ್ಲಿ ಉಂಡು, ಓದಿ, ಮಲಗುತ್ತಿದ್ದರು. ಅವುಗಳನ್ನು ಕಟ್ಟಿಸಿದ ಜಾರ್ಜ್ ಮುಲ್ಲರ್ ಅವರ ಬದುಕನ್ನು ಈ ಸಲದ ಸಂಚಿಕೆಗೆ ಆರಿಸಿಕೊಂಡಿದ್ದೇವೆ.

ಮುಲ್ಲರ್ ಹುಟ್ಟಿದ್ದು 1805ರಲ್ಲಿ, ಪ್ರಶ್ಯಾ ದೇಶದ ಕ್ರೊಪೆನ್‌ಸ್ಟೆಟ್ ಎಂಬ ಸಣ್ಣ ಊರಿನಲ್ಲಿ. ಅಪ್ಪ ತೆರಿಗೆ ವಸೂಲಿ ಮಾಡುವ ನೌಕರ. ಹುಡುಗನಿಗೆ ಹತ್ತು ವರ್ಷ ತುಂಬುವ ಮೊದಲೇ ಅಪ್ಪನ ಬಳಿಯಿದ್ದ ಸರ್ಕಾರಿ ಹಣಕ್ಕೆ ಕೈ ಹಾಕುವ ಚಾಳಿ ಹತ್ತಿತ್ತು. ಕೊಟ್ಟ ಹಣಕ್ಕೆ ಸುಳ್ಳು ಲೆಕ್ಕ ಬರೆಯುವುದೂ ಗೊತ್ತಿತ್ತು. ತಾಯಿ ಸಾಯುತ್ತಿದ್ದ ರಾತ್ರಿ ಇಸ್ಪೀಟು ಆಡುತ್ತಾ ಕೂತಿದ್ದ. ಹದಿನಾರನೇ ವಯಸ್ಸಿಗೆ ಹೋಟೆಲಿನ ಬಿಲ್ಲು ಕೊಡದೆ ಜಾರಿಕೊಳ್ಳಲು ಹೋಗಿ ಸಿಕ್ಕಿಬಿದ್ದು ಕೆಲವು ವಾರ ಜೈಲಿನಲ್ಲಿದ್ದ.

ಇಂಥ ಹುಡುಗ ಹಾಲೆ ವಿಶ್ವವಿದ್ಯಾಲಯದಲ್ಲಿ ಓದಲು ಸೇರಿದ್ದು ಏನನ್ನು ಗೊತ್ತಾ? ಧರ್ಮಶಾಸ್ತ್ರ! ಪಾದ್ರಿಯಾದರೆ ಆರಾಮದ ಜೀವನ ಅಂತ ಅಪ್ಪನ ಲೆಕ್ಕಾಚಾರ. 1825ರಲ್ಲಿ ಒಂದು ಸಂಜೆ ಗೆಳೆಯನ ಜೊತೆ ಯಾರದೋ ಮನೆಯ ಪ್ರಾರ್ಥನೆಗೆ ಹೋದರು. ಅಲ್ಲಿ ಒಬ್ಬರು ಮೊಣಕಾಲೂರಿ ಪ್ರಾರ್ಥಿಸಿದ್ದನ್ನು ಕಂಡು ಮನಸ್ಸು ತಿರುಗಿತು. ಮುಂದೆ ಅದೇ ಹಾಲೆಯಲ್ಲಿ, ಫ್ರಾಂಕೆ ಎಂಬ ಪಾದ್ರಿ ನೂರು ವರ್ಷಕ್ಕೂ ಹಿಂದೆ ಕಟ್ಟಿದ್ದ ಅನಾಥಾಲಯದಲ್ಲಿ ಬಡ ವಿದ್ಯಾರ್ಥಿಯಾಗಿ ಎರಡು ತಿಂಗಳು ಇದ್ದರು. ಆ ಬೀಜ ಆಮೇಲೆ ಮೊಳೆಯಿತು.

1829ರಲ್ಲಿ ಇಂಗ್ಲೆಂಡಿಗೆ ಬಂದ ಮುಲ್ಲರ್ 1832ರಲ್ಲಿ ಬ್ರಿಸ್ಟಲ್‌ನಲ್ಲಿ ನೆಲೆಸಿದರು. ಅದು ಕಾಲರಾ ಹಬ್ಬಿದ ವರ್ಷ. ದಿಕ್ಕಿಲ್ಲದ ಮಕ್ಕಳನ್ನು ಅವರು ಬೀದಿಯಲ್ಲೇ ಕಂಡರು. 1836ರಲ್ಲಿ ವಿಲ್ಸನ್ ಸ್ಟ್ರೀಟಿನ ಬಾಡಿಗೆ ಮನೆಯಲ್ಲಿ ಹೆಣ್ಣುಮಕ್ಕಳಿಗಾಗಿ ಮೊದಲ ಅನಾಥಾಲಯ ತೆರೆದರು. ಒಂದು ಮನೆ ನಾಲ್ಕಾಯಿತು. ಮಕ್ಕಳ ಗಲಾಟೆ ಜಾಸ್ತಿಯಾಯಿತೆಂದು ನೆರೆಯವರು ಬೇಸರಪಟ್ಟರು. ಆಗ ಊರ ಹೊರಗೆ ಜಾಗ ಕೊಂಡರು. 1849ರಿಂದ 1870ರೊಳಗೆ ಆಶ್ಲಿ ಡೌನ್‌ನಲ್ಲಿ ಐದು ಕಟ್ಟಡಗಳು ಎದ್ದವು.

ಇಷ್ಟಕ್ಕೂ ಅವರ ನಿಯಮಗಳು ವಿಚಿತ್ರ. ಯಾರ ಹತ್ತಿರವೂ ಹಣ ಕೇಳುವುದಿಲ್ಲ. ಸಾಲ ಮಾಡುವುದಿಲ್ಲ. ತಮಗೆ ಸಂಬಳ ಬೇಡ. ಬೇಕಾದದ್ದನ್ನು ದೇವರ ಮುಂದೆ ಮಾತ್ರ ಇಡುವುದು. ಆದರೆ ಬಂದ ಪ್ರತಿ ಕಾಸಿಗೂ ರಸೀದಿ. ವರ್ಷಕ್ಕೊಮ್ಮೆ ಅಚ್ಚಾದ ವರದಿ. ಅದರಲ್ಲಿ ಕೊಟ್ಟವರ ಹೆಸರಿಲ್ಲದಿದ್ದರೂ ತಮ್ಮ ದುಡ್ಡು ಸೇರಿದೆಯೋ ಇಲ್ಲವೋ ಅಂತ ಅವರೇ ನೋಡಿಕೊಳ್ಳಬಹುದಿತ್ತು. ಅಪ್ಪನಿಗೆ ಸುಳ್ಳು ಲೆಕ್ಕ ತೋರಿಸಿದ್ದ ಹುಡುಗ ಈಗ ಊರಿಗೆಲ್ಲ ಲೆಕ್ಕ ಒಪ್ಪಿಸುತ್ತಿದ್ದ.

ವರದಿ ಹಂಚುವುದೂ ಒಂದು ಥರ ಕೇಳಿದ ಹಾಗೇ ಅಲ್ವಾ? ಈ ಪ್ರಶ್ನೆ ನಮಗೂ ಬಂತು. 1841ರ ಕೊನೆಗೆ ವರದಿಯ ಸಭೆ ನಡೆಯಬೇಕಿದ್ದಾಗ ಕೈಯಲ್ಲಿ ಹಣ ತೀರಾ ಕಡಿಮೆಯಿತ್ತು. ಈಗ ಸಭೆ ಕರೆದರೆ ಕಷ್ಟ ಹೇಳಿಕೊಂಡ ಹಾಗಾಗುತ್ತದೆ ಅಂತ ಮುಲ್ಲರ್ ಅದನ್ನೇ ಕೆಲವು ತಿಂಗಳು ಮುಂದಕ್ಕೆ ಹಾಕಿಬಿಟ್ಟರು.

ಇನ್ನೊಂದು ಪ್ರಶ್ನೆ ಇದಕ್ಕಿಂತ ಕಠಿಣ. ದೇವರು ಇಂದಿಗೂ ಪ್ರಾರ್ಥನೆ ಕೇಳುತ್ತಾನೆಂದು ಜನಕ್ಕೆ ತೋರಿಸುವುದೇ ತಮ್ಮ ಮೊದಲ ಗುರಿ, ಮಕ್ಕಳ ಪಾಲನೆ ಅದರ ನಂತರ ಎಂದು ಅವರು ಮುಚ್ಚಿಡದೆ ಬರೆದಿದ್ದಾರೆ. ಹಾಗಾದರೆ ಮಕ್ಕಳ ಊಟವನ್ನು ನಂಬಿಕೆಯ ಮೇಲೆ ಪಣ ಇಟ್ಟಂತಾಗಲಿಲ್ಲವೇ? ಈ ವಿಷಯದಲ್ಲಿ ನಮ್ಮೊಳಗೇ ಒಮ್ಮತ ಬರಲಿಲ್ಲ. ಆದರೆ ಒಂದು ಸಂಗತಿ ಗಮನಿಸಿದೆವು. ಕಾಸಿಲ್ಲದ ದಿನಗಳಲ್ಲಿ ಮುಲ್ಲರ್ ಮತ್ತು ಅಲ್ಲಿ ಕೆಲಸ ಮಾಡುತ್ತಿದ್ದವರು ಪ್ರಾರ್ಥನೆ ಮಾಡಿ ಸುಮ್ಮನೆ ಕೂರಲಿಲ್ಲ. ಹೊರಗಿನವರಿಗೆ ಸುದ್ದಿ ಹೇಳದೆ ಮೊದಲು ತಮ್ಮ ಜೇಬು ಖಾಲಿ ಮಾಡಿದರು, ಸ್ವಂತ ಸಾಮಾನು ಮಾರಿ ಹಣ ತಂದರು. ಕ್ರೈಸ್ತರ ಗ್ರಂಥದಲ್ಲಿ ಯಾಕೋಬನ ಪತ್ರ ಹೇಳುವುದೂ ಇದನ್ನೇ: ಹಸಿದವನಿಗೆ ಬರೀ ಒಳ್ಳೆಯ ಮಾತು ಹೇಳಿ ಕಳಿಸಿದರೆ ಆ ನಂಬಿಕೆಗೆ ಜೀವವಿಲ್ಲ. ಮುಲ್ಲರ್ ಅವರ ದೃಷ್ಟಿಯಲ್ಲಿ ಒಳ್ಳೆಯ ಕೆಲಸ ಸ್ವರ್ಗಕ್ಕೆ ಕೊಡುವ ಟಿಕೆಟ್ ದುಡ್ಡಲ್ಲ. ಕಳ್ಳನಾಗಿದ್ದ ತನಗೆ ಸಿಕ್ಕ ಕ್ಷಮೆಗೆ ತೋರುವ ಕೃತಜ್ಞತೆ, ಅಷ್ಟೇ.

ಎಪ್ಪತ್ತನೇ ವಯಸ್ಸಿನಲ್ಲಿ ದೇಶ ಸುತ್ತಲು ಹೊರಟು ಸುಮಾರು ಹದಿನೇಳು ವರ್ಷ ಉಪದೇಶ ಮಾಡಿದರು. ಭಾರತಕ್ಕೂ ಬಂದಿದ್ದರು. 1898ರ ಮಾರ್ಚ್ 10ರಂದು ತೀರಿಕೊಂಡಾಗ ಅವರ ಮನೆಗಳಲ್ಲಿ ಬೆಳೆದ ಮಕ್ಕಳ ಸಂಖ್ಯೆ ಹತ್ತು ಸಾವಿರ ದಾಟಿತ್ತು. ಕೈದಾಟಿ ಹೋದ ಹಣ ಹತ್ತಿರ ಹತ್ತಿರ ಹದಿನೈದು ಲಕ್ಷ ಪೌಂಡು. ಸ್ವಂತದ್ದೆಂದು ಉಳಿದಿದ್ದ ಆಸ್ತಿ ಸುಮಾರು 160 ಪೌಂಡು, ಅದೂ ಮನೆಯ ಸಾಮಾನಿನ ಬೆಲೆ ಸೇರಿಸಿ.

ಮುಲ್ಲರ್ ಅವರ ನಂಬಿಕೆ ನಮ್ಮೆಲ್ಲರದ್ದಲ್ಲ. ಅದು ಇಲ್ಲದೆ ಅವರ ಕೆಲಸ ನಡೆಯುತ್ತಿತ್ತು ಅಂತ ಹೇಳುವ ಧೈರ್ಯವೂ ನಮಗಿಲ್ಲ. ಆದರೂ ಅವರಿಂದ ಒಂದನ್ನು ಕಲಿಯಬಹುದು. ಬೇರೆಯವರ ದುಡ್ಡಿನಲ್ಲಿ ಒಳ್ಳೆಯ ಕೆಲಸ ಮಾಡುವವರು ತಮ್ಮ ಜೇಬನ್ನು ಮೊದಲು ಬಿಚ್ಚಬೇಕು, ಲೆಕ್ಕದ ಪುಸ್ತಕವನ್ನು ಯಾವಾಗಲೂ ಬಿಚ್ಚಿಟ್ಟಿರಬೇಕು. ರಾಜ್ಯೋತ್ಸವಕ್ಕೆ ಚಂದಾ ಎತ್ತುವ ನಮ್ಮಂಥ ಸಂಘಕ್ಕೂ ಈ ಮಾತು ಸಲ್ಲುತ್ತದೆ, ಏನಂತೀರಿ?