ಮಾರ್ಟಿನ್ ಲೂಥರ್

ನಮ್ಮ ರಾಮಥಾಳದಿಂದ ಪೂರ್ವಕ್ಕೆ ಹೋದರೆ ಮುದಗಲ್ಲಿನಲ್ಲಿ ಆದಿಲಶಾಹಿ ಕಾಲದಿಂದ ನಡೆದುಬಂದ ರೋಮನ್ ಕ್ಯಾಥೊಲಿಕ್ ಇಗರ್ಜಿಯಿದೆ. ಪಶ್ಚಿಮಕ್ಕೆ ಹೋದರೆ ಗುಳೇದಗುಡ್ಡದಲ್ಲಿ, ೧೮೫೧ರಲ್ಲಿ ಬಂದು ನೆಲೆಸಿದ ಬಾಸೆಲ್ ಮಿಶನ್ನಿನವರು ಬೆಳೆಸಿದ ಪ್ರಾಟೆಸ್ಟಂಟ್ ಸಭೆಯಿದೆ. ಏಸು ಒಬ್ಬನೇ ಇರುವಾಗ ಗುಡಿ ಎರಡೇಕೆಂದು ನಮ್ಮ ತಂದೆಯವರು ಒಮ್ಮೆ ಕೇಳಿದರು. ಅಕ್ಷರ ಬಾರದ ಅವರಿಗೆ ಉತ್ತರ ಹೇಳಲೆಂದು ನಾನು ಲೂಥರನ ಚರಿತ್ರೆಯನ್ನು ಓದಬೇಕಾಯಿತು. ಒಡಕು ಅವನಿಂದಲೇ ಮೊದಲಾಯಿತೆಂದಲ್ಲ. ಪೂರ್ವದ ಗ್ರೀಕ್ ಸಭೆಯು ರೋಮಿನಿಂದ ಬೇರೆಯಾದುದು ೧೦೫೪ರಷ್ಟು ಹಿಂದೆ. ಆದರೆ ನಮ್ಮ ಭಾಗದ ಎರಡು ಗುಡಿಗಳ ಕತೆ ಅವನದೇ.

ಲೂಥರನು ೧೪೮೩ರ ನವೆಂಬರ್ ೧೦ರಂದು ಜರ್ಮನಿಯ ಐಸ್ಲೆಬೆನ್ ಎಂಬ ಊರಲ್ಲಿ ಹುಟ್ಟಿದನು. ತಂದೆ ಹಾನ್ಸ್ ಒಕ್ಕಲಿಗರ ಮಗ. ತಾಮ್ರದ ಗಣಿಗಳಲ್ಲಿ ದುಡಿದು ಮೇಲೆ ಬಂದವನು. ಮಗನು ವಕೀಲನಾಗಬೇಕೆಂದು ಎರ್ಫುರ್ಟ್ ವಿಶ್ವವಿದ್ಯಾಲಯಕ್ಕೆ ಕಳಿಸಿದನು. ೧೫೦೫ರಲ್ಲಿ ಮಗನು ಎಂ. ಎ. ಮುಗಿಸಿದನು. ಅದೇ ಜುಲೈಯಲ್ಲಿ ಊರಿನಿಂದ ಮರಳುವಾಗ ಸಿಡಿಲು ಹತ್ತಿರವೇ ಬಡಿಯಲು, ಉಳಿದರೆ ಸನ್ಯಾಸಿಯಾಗುವೆನೆಂದು ಹರಕೆ ಹೊತ್ತು, ಹದಿನೈದು ದಿನಗಳಲ್ಲಿ ಮಠ ಸೇರಿಯೇಬಿಟ್ಟನು. ತಂದೆಗೆ ಎಂಥ ಸಿಟ್ಟು ಬಂದಿರಬೇಕೆಂಬುದನ್ನು, ಮನೆತನದಲ್ಲಿ ಮೊದಲಿಗನಾಗಿ ಕಾಲೇಜಿನ ಮೆಟ್ಟಿಲು ಹತ್ತಿದ ನನ್ನಂಥವರಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಉಪವಾಸ, ಜಾಗರಣೆಗಳಿಂದ ಅವನಿಗೆ ಶಾಂತಿ ದೊರೆಯಲಿಲ್ಲ. ವಿಟೆನ್‌ಬರ್ಗಿನಲ್ಲಿ ಬೈಬಲ್ಲಿನ ಪಾಠ ಹೇಳುತ್ತ ಹೇಳುತ್ತ, ಮೋಕ್ಷವು ದೇವರ ಕೃಪೆಯಿಂದ, ನಂಬಿಗೆಯೊಂದರಿಂದಲೇ ದೊರೆಯುವುದೆಂಬ ನಿಶ್ಚಯಕ್ಕೆ ಬಂದನು. ಆಗ ರೋಮಿನ ಸಂತ ಪೇತ್ರನ ದೇವಾಲಯ ಕಟ್ಟಲು ಪಾಪದ ದಂಡನೆಯನ್ನು ಮನ್ನಿಸುವ ಚೀಟಿಗಳು ಹಣಕ್ಕೆ ದೊರೆಯುತ್ತಿದ್ದವು. ೧೫೧೭ರ ಅಕ್ಟೋಬರ್ ೩೧ರಂದು ಅದನ್ನು ಖಂಡಿಸಿ ೯೫ ವಾದಗಳನ್ನು ಮುಂದಿಟ್ಟನು. ಸಭೆಯನ್ನು ತಿದ್ದಬೇಕೆಂದಿದ್ದನೇ ಹೊರತು ಒಡೆಯಬೇಕೆಂದಲ್ಲ. ೧೫೨೧ರಲ್ಲಿ ಪೋಪನು ಬಹಿಷ್ಕಾರ ಹಾಕಿದನು. ವೋರ್ಮ್ಸಿನಲ್ಲಿ ಚಕ್ರವರ್ತಿಯ ಮುಂದೆಯೂ ಲೂಥರನು ತನ್ನ ಮಾತನ್ನು ಹಿಂದೆ ತೆಗೆದುಕೊಳ್ಳಲಿಲ್ಲ. ಕೋಟೆಯೊಂದರಲ್ಲಿ ಅಡಗಿದ್ದು ಹೊಸ ಒಡಂಬಡಿಕೆಯನ್ನು ಜನರ ಜರ್ಮನ್ ನುಡಿಗೆ ತಂದನು. ೧೫೨೨ರಲ್ಲಿ ಅದು ಅಚ್ಚಾಯಿತು.

ಪೋಪನ ಮಾತು ಕೊನೆಯದಲ್ಲ, ಗ್ರಂಥವೇ ಕೊನೆಯದು ಎಂದಾಯಿತು. ಆದರೆ ಗ್ರಂಥದ ಅರ್ಥವನ್ನು ತೀರ್ಮಾನಿಸುವವರು ಯಾರು? ೧೫೨೯ರಲ್ಲಿ ಮಾರ್‌ಬುರ್ಗಿನಲ್ಲಿ ಲೂಥರನೂ ಸ್ವಿಟ್ಜರ್ಲೆಂಡಿನ ಜ್ವಿಂಗ್ಲಿಯೂ ಕೂಡಿದರು. ೧೫ ಅಂಶಗಳಲ್ಲಿ ೧೪ಕ್ಕೆ ಒಪ್ಪಿದರು. ಪ್ರಸಾದದ ರೊಟ್ಟಿ, ದ್ರಾಕ್ಷಾರಸಗಳಲ್ಲಿ ಕ್ರಿಸ್ತನ ದೇಹ, ರಕ್ತಗಳು ನಿಜವಾಗಿ ಇವೆಯೇ ಎಂಬ ಒಂದೇ ಮಾತಿನಲ್ಲಿ ಮುರಿದುಬಿತ್ತು. ಹೀಗೆ ಪ್ರಾಟೆಸ್ಟಂಟರಲ್ಲಿಯೇ ಎರಡು ಪಂಗಡಗಳಾದವು, ಮುಂದೆ ಇನ್ನೆಷ್ಟೋ. ಅರಸರೂ ತಮ್ಮ ಅನುಕೂಲ ನೋಡಿಕೊಂಡರು. ಅರಸನ ಪಂಥವೇ ನಾಡಿನ ಪಂಥವೆಂದು ೧೫೫೫ರ ಆಗ್ಸ್‌ಬುರ್ಗ್ ಒಪ್ಪಂದದಲ್ಲಿ ಗೊತ್ತುಮಾಡಿದ ಮೇಲೆ ಗಡಿಗಳು ಕಲ್ಲಾದವು.

೧೫೨೫ರಲ್ಲಿ ದಂಗೆಯೆದ್ದ ರೈತರನ್ನು ಸದೆಬಡಿಯಿರೆಂದು ಲೂಥರನು ಬರೆದುದು, ಮುಪ್ಪಿನಲ್ಲಿ ಯಹೂದಿಗಳ ಮೇಲೆ ವಿಷ ಕಾರಿದುದು ನನಗೆ ಒಪ್ಪಿಗೆಯಾಗಲಿಲ್ಲ. ರೈತನ ಮಗನಾದ ನಾನು ಅದನ್ನು ಮುಚ್ಚಿಡಲಾರೆ. ಅದೇ ವರ್ಷ ಮಠ ಬಿಟ್ಟುಬಂದ ಕಥರೀನಳನ್ನು ಮದುವೆಯಾದಾಗ ಹಾನ್ಸನು ಮಗನ ಔತಣಕ್ಕೆ ಬಂದಿದ್ದನು. ೧೫೪೬ರ ಫೆಬ್ರುವರಿ ೧೮ರಂದು ಲೂಥರನು ಹುಟ್ಟಿದೂರಿನಲ್ಲಿಯೇ ತೀರಿಕೊಂಡನು.

೧೮೧೫ರಲ್ಲಿ ಬಾಸೆಲ್ ಪಟ್ಟಣದಲ್ಲಿ ಹುಟ್ಟಿದ ಮಿಶನ್ನಿನಲ್ಲಿ ಲೂಥರನ ಪಂಥದವರೂ ಸ್ವಿಟ್ಜರ್ಲೆಂಡಿನ ಪಂಥದವರೂ ಕೂಡಿಯೇ ದುಡಿದರು. ಗುಳೇದಗುಡ್ಡದ ನೇಕಾರರ ಓಣಿಗಳಿಗೆ ಬಂದವರು ಅವರು.