ಕವಾಯತು ಮಾಸ್ತರರ ಬಿಡುವು: ನಂದಳಿಕೆ ಲಕ್ಷ್ಮೀನಾರಣಪ್ಪನವರ ಬದುಕು

ನಮ್ಮ ಶಾಲೆಗಳ ರಕ್ಷಕರ ಸಭೆಗಳಲ್ಲಿ ತಾಯಂದಿರು ಮತ್ತೆ ಮತ್ತೆ ಹೇಳುವ ಮಾತೊಂದಿದೆ. ಮಗು ಪರೀಕ್ಷೆಯ ಉತ್ತರವನ್ನಲ್ಲದೆ ಕನ್ನಡದಲ್ಲಿ ಬೇರೇನನ್ನೂ ಬರೆಯುವುದಿಲ್ಲ, ಬರೆಯಲು ಹೊತ್ತಾದರೂ ಎಲ್ಲಿದೆ ಎಂಬುದು ಆ ಮಾತು. ಉತ್ತರ ಹೇಳಬೇಕಾದ ನಾವೇ ಸುಮ್ಮನಾಗುತ್ತೇವೆ, ಏಕೆಂದರೆ ಶಿಕ್ಷಕರ ಕೊಠಡಿಯಲ್ಲಿ ನಾವೂ ಅದನ್ನೇ ಆಡಿಕೊಳ್ಳುವವರು. ಪಾಠ, ದಾಖಲೆ, ಗಣತಿಯ ಕೆಲಸ, ಚುನಾವಣೆಯ ಕೆಲಸ, ಇವುಗಳ ನಡುವೆ ಭಾಷಾ ಅಲ್ಪಸಂಖ್ಯಾತರ ಹಕ್ಕಿಗಾಗಿ ಬರೆಯಬೇಕಾದ ಮನವಿಪತ್ರಗಳು. ಮನವಿ ಬರೆಯುವುದಕ್ಕೆ ಹೇಗೋ ಹೊತ್ತು ಸಿಗುತ್ತದೆ. ಕಥೆ ಬರೆಯುವುದಕ್ಕೆ ಸಿಗುವುದಿಲ್ಲ. ಯಾವ ಭಾಷೆಯನ್ನು ಉಳಿಸಿರೆಂದು ಬೇಡುತ್ತೇವೆಯೋ ಆ ಭಾಷೆಯಲ್ಲಿ ಬೇಡಿಕೆಯನ್ನು ಬಿಟ್ಟು ಇನ್ನೇನನ್ನೂ ಬರೆಯದ ಸ್ಥಿತಿಗೆ ನಾವು ಬಂದಿದ್ದೇವೆ. ಈ ಸಂಕೋಚ ಕಾಡಿದಾಗಲೆಲ್ಲ ನಮಗೆ ನೆನಪಾಗುವವರು ಮುದ್ದಣನೆಂದು ಹೆಸರಾದ ನಂದಳಿಕೆ ಲಕ್ಷ್ಮೀನಾರಣಪ್ಪನವರು. ಅವರೂ ಮಾಸ್ತರರೇ, ಅದೂ ಕವಾಯತಿನ ಮಾಸ್ತರರು.

ಅವರು ಹುಟ್ಟಿದ್ದು 1870ರ ಜನವರಿ 24ರಂದು, ಕಾರ್ಕಳದ ಸಮೀಪದ ನಂದಳಿಕೆಯಲ್ಲಿ. ತಂದೆ ಪಾಠಾಳಿ ತಿಮ್ಮಪ್ಪಯ್ಯ, ತಾಯಿ ಮಹಾಲಕ್ಷ್ಮಿ. ಮನೆಯಲ್ಲಿ ಮುದ್ದಿನಿಂದ ಕರೆಯುತ್ತಿದ್ದ ಹೆಸರೇ ಮುಂದೆ ಕಾವ್ಯನಾಮವಾಯಿತು. ಆ ದಿನಗಳಲ್ಲಿ ದಕ್ಷಿಣ ಕನ್ನಡ ಜಿಲ್ಲೆಯು ಮದರಾಸು ಪ್ರಾಂತದ ಆಡಳಿತಕ್ಕೆ ಒಳಪಟ್ಟಿತ್ತು. ನಮ್ಮ ಕಾಸರಗೋಡೂ ಅದೇ ಜಿಲ್ಲೆಯಲ್ಲಿತ್ತು. 1956ರ ನವೆಂಬರ್ 1ರಂದು ಗೆರೆ ಬಿದ್ದು ಕಾಸರಗೋಡು ಕೇರಳಕ್ಕೆ ಸೇರಿದ ಮೇಲೆ ಮುದ್ದಣ ಆಚೆಯ ಕವಿ, ನಾವು ಈಚೆಯವರು ಎಂದಾಯಿತು. ಆದರೆ ಅವರು ಬದುಕಿದ್ದಾಗ ನಮಗೂ ಅವರಿಗೂ ಇದ್ದದ್ದು ಒಂದೇ ಜಿಲ್ಲೆ, ಒಂದೇ ದೂರದ ರಾಜಧಾನಿ. ಊರ ಸುತ್ತಲಿನ ಆಡುಮಾತು ತುಳು, ಪುಸ್ತಕದ ಮತ್ತು ಶಾಲೆಯ ಭಾಷೆ ಕನ್ನಡ, ಸರಕಾರದ ಭಾಷೆ ಇಂಗ್ಲಿಷು. ಮಂಜೇಶ್ವರದ ಒಂದು ಮಗುವಿಗೆ ಈ ಏರ್ಪಾಡನ್ನು ಇಂದು ಬಿಡಿಸಿ ಹೇಳಬೇಕಾಗಿಲ್ಲ.

ಬಡತನದಿಂದಾಗಿ ಅವರ ಓದು ನಡುವೆಯೇ ನಿಂತಿತು. ಬೇಗನೆ ಸಂಪಾದನೆಗೆ ದಾರಿಯಾಗುವ ವಿದ್ಯೆಯೊಂದು ಬೇಕಿತ್ತು. ಮದರಾಸಿಗೆ ಹೋಗಿ ಅಂಗಸಾಧನೆಯ ಶಿಕ್ಷಣದಲ್ಲಿ ತರಬೇತಿ ಪಡೆದು ಬಂದರು. ಅನಂತರದ ಬದುಕೆಲ್ಲ ಕುಂದಾಪುರ ಮತ್ತು ಉಡುಪಿಯ ಹೈಸ್ಕೂಲುಗಳಲ್ಲಿ ಕಳೆಯಿತು. ಮುಂದೆ ಕನ್ನಡವನ್ನೂ ಕಲಿಸಿದರು. ಆದರೂ ಊರಿನವರ ಕಣ್ಣಿಗೆ ಅವರು ಮೊದಲಿಗೆ ಡ್ರಿಲ್ಲು ಮಾಸ್ತರರು. ಹುಡುಗರನ್ನು ಸಾಲಾಗಿ ನಿಲ್ಲಿಸಿ ಕೈಕಾಲು ಆಡಿಸುವ ಮಾಸ್ತರರು ಕಾವ್ಯ ಬರೆಯುತ್ತಾರೆಂದರೆ ಯಾರು ನಂಬಿಯಾರು? ಶಾಲೆಗಳಲ್ಲಿ ಇಂದಿಗೂ ಈ ಮೇಲುಕೀಳು ಪೂರ್ತಿ ಅಳಿದಿಲ್ಲ ಎಂಬುದನ್ನು ನಮ್ಮ ವ್ಯಾಯಾಮ ಶಿಕ್ಷಕ ಮಿತ್ರರು ಒಪ್ಪುತ್ತಾರೆ.

ಉಡುಪಿಯಲ್ಲಿ ಅವರಿಗೆ ದೊರೆತ ದೊಡ್ಡ ಆಸರೆ ಕನ್ನಡ ಪಂಡಿತರಾಗಿದ್ದ ಮಳಲಿ ಸುಬ್ಬರಾಯರು. ಅವರ ಸಹವಾಸದಲ್ಲಿ ಹಳಗನ್ನಡ ಕಾವ್ಯಗಳ ಒಳಹೊರಗು ಪರಿಚಯವಾಯಿತು. ಯಾವ ಪದವಿಗೂ ಓದಿದ್ದಲ್ಲ, ಯಾರೂ ಪರೀಕ್ಷೆ ಮಾಡುವವರಿರಲಿಲ್ಲ. ಆಟದ ಬಯಲು ತೀರಿಸಿಕೊಂಡು ಉಳಿಸಿದ ಹೊತ್ತಿನಲ್ಲಿ ಓದಿದರು, ಆ ಓದಿನಿಂದಲೇ ಬರೆಹ ಹುಟ್ಟಿತು. ಮೊದಲು ಕೈಹಾಕಿದ್ದು ಸುತ್ತಲಿನ ಜನರೆಲ್ಲ ಬಲ್ಲ ಯಕ್ಷಗಾನಕ್ಕೆ. ರತ್ನಾವತೀ ಕಲ್ಯಾಣ, ಕುಮಾರವಿಜಯ ಎಂಬ ಎರಡು ಪ್ರಸಂಗಗಳು ಅವರವು. ಇದು ನಮಗೆ ಬಹಳ ಮುಖ್ಯವಾಗಿ ತೋರುತ್ತದೆ. ಬರೆಯತೊಡಗುವವರು ಮಹಾಕಾವ್ಯವನ್ನು ಎದುರಿಗಿಟ್ಟುಕೊಂಡು ಹೆದರಿ ಕುಳಿತುಕೊಳ್ಳುವುದುಂಟು. ಅವರು ಕಿವಿಗೆ ರೂಢಿಯಾಗಿದ್ದ ಮಟ್ಟುಗಳಿಂದ, ಊರು ಬೇಡುತ್ತಿದ್ದ ಪ್ರಕಾರದಿಂದ ತೊಡಗಿದರು.

1893ರಲ್ಲಿ ಸಾಗರದ ಕಡೆಯ ಕಾಗೋಡಿನ ಕಮಲ ಎಂಬವರೊಡನೆ ವಿವಾಹವಾಯಿತು. ಒಬ್ಬ ಮಗ ಹುಟ್ಟಿದನು. ಮಾಸ್ತರಿಕೆಯ ಸಣ್ಣ ಸಂಬಳದಲ್ಲಿ ಸಂಸಾರ ಸಾಗಬೇಕಿತ್ತು. ಸಂಸಾರ ಕಟ್ಟಿಕೊಂಡ ಮೇಲೆ ಬರೆಹ ನಿಂತಿತೆಂಬ ಮಾತನ್ನು ನಾವು ಎಷ್ಟೋ ಗೆಳೆಯರ ಬಾಯಲ್ಲಿ ಕೇಳಿದ್ದೇವೆ. ಇಲ್ಲಿ ನಡೆದದ್ದು ಅದಕ್ಕೆ ವಿರುದ್ಧ. ಅವರ ಮುಖ್ಯ ಕೃತಿಗಳೆಲ್ಲ ಮದುವೆಯಾದ ಮೇಲಿನ ಏಳೆಂಟು ವರ್ಷಗಳಲ್ಲಿ ಹೊರಬಂದವು. 1895ರಲ್ಲಿ ಗದ್ಯದ ಅದ್ಭುತ ರಾಮಾಯಣ, ಮರುವರ್ಷ ವಾರ್ಧಕ ಷಟ್ಪದಿಯ ಶ್ರೀರಾಮ ಪಟ್ಟಾಭಿಷೇಕ, ಶತಮಾನ ಮುಗಿಯುವ ಹೊತ್ತಿಗೆ ಶ್ರೀರಾಮಾಶ್ವಮೇಧ. ಇದೇ ದಶಕದಲ್ಲಿ, 1894ರಲ್ಲಿ, ಮಂಗಳೂರಿನಲ್ಲಿ ಕಿಟೆಲರ ನಿಘಂಟು ಅಚ್ಚಾಯಿತು. ಆ ನಿಘಂಟಿನ ಬೆನ್ನಿಗೆ ಬಾಸೆಲ್ ಮಿಷನ್ನಿನಂತಹ ಸಂಸ್ಥೆಯಿತ್ತು. ಮಾಸ್ತರರ ಬೆನ್ನಿಗೆ ದಿನದ ದುಡಿಮೆ ಮುಗಿದ ಮೇಲಿನ ಹೊತ್ತಲ್ಲದೆ ಬೇರೇನೂ ಇರಲಿಲ್ಲ. ವಿದ್ಯುದ್ದೀಪ ಉಡುಪಿಗೆ ಬರುವ ಮೊದಲಿನ ಕಾಲ. ಇರುಳಲ್ಲಿ ಬರೆಯುವುದೆಂದರೆ ಎಣ್ಣೆಯ ಖರ್ಚಿನ ಲೆಕ್ಕವೂ ಇರುತ್ತಿತ್ತು. ಬರೆದದ್ದನ್ನು ಕೈಯಿಂದಲೇ ಶುದ್ಧಪ್ರತಿ ಮಾಡಿ ಅಂಚೆಯಲ್ಲಿ ಮೈಸೂರಿಗೆ ಕಳುಹಿಸಬೇಕಿತ್ತು.

ಹಾಗೆ ಕಳುಹಿಸುವಾಗ ಅವರು ಮಾಡಿದ ಒಂದು ಉಪಾಯ ಕನ್ನಡ ಸಾಹಿತ್ಯದಲ್ಲಿ ಪ್ರಸಿದ್ಧವಾಗಿದೆ. ಮೈಸೂರಿನ ಕಾವ್ಯಮಂಜರಿ ಮತ್ತು ಅನಂತರದ ಕಾವ್ಯಕಲಾನಿಧಿ ಮಾಲೆಗಳು ಹಳೆಯ ಕಾವ್ಯಗಳನ್ನು ಹುಡುಕಿ ಅಚ್ಚುಮಾಡುತ್ತಿದ್ದವು. ಮಾಸ್ತರರು ತಮ್ಮ ಕೃತಿಗಳನ್ನು ತಮ್ಮವೆಂದು ಹೇಳದೆ, ಹಿಂದಿನ ಕವಿಯ ಕೃತಿಗಳೆಂಬಂತೆ ಕಳುಹಿಸಿದರು. ಹಳಗನ್ನಡದ ಹದ ಎಷ್ಟು ಚೆನ್ನಾಗಿ ಕೈಗೂಡಿತ್ತೆಂದರೆ ಅವು ಹಾಗೆಯೇ ಪ್ರಕಟವೂ ಆದವು. ಏಕೆ ಹೀಗೆ ಮಾಡಿದರು? ಡ್ರಿಲ್ಲು ಮಾಸ್ತರರ ಕಾವ್ಯವನ್ನು ಯಾರೂ ಓದಲಾರರೆಂಬ ಅಳುಕು ಒಂದು ಕಾರಣವಿದ್ದೀತು. ಹೊಸ ಬರೆಹಕ್ಕೆ ಆ ಮಾಲೆಗಳಲ್ಲಿ ಎಡೆ ಸಿಗದು ಎಂಬ ಲೆಕ್ಕಾಚಾರ ಇನ್ನೊಂದು. ಇದನ್ನು ವಿನಯವೆಂದು ಹೊಗಳುವವರಿದ್ದಾರೆ. ನಮಗೆ ಇದರಲ್ಲಿ ಒಂದು ನೋವು ಕಾಣುತ್ತದೆ. ತನ್ನ ಹೆಸರಿನಲ್ಲಿ ಬರೆದರೆ ಬೆಲೆಯಿಲ್ಲವೆಂದು ಒಬ್ಬ ಶಿಕ್ಷಕನಿಗೆ ಅನಿಸುವಂತಹ ಪರಿಸರ ಅವರ ಸುತ್ತಲಿತ್ತು. ಆದರೂ ಬರೆದರು. ಹೊಗಳಿಕೆ ತಮ್ಮ ವಿಳಾಸಕ್ಕೆ ಬಾರದೆಂದು ತಿಳಿದೂ ಮುಂದಿನ ಕೃತಿಗೆ ಕೈಹಾಕಿದರು.

ಈ ಉತ್ಸಾಹ ಎಲ್ಲಿಂದ ಬರುತ್ತಿತ್ತೆಂಬುದಕ್ಕೆ ಶ್ರೀರಾಮಾಶ್ವಮೇಧದಲ್ಲೇ ಒಂದು ಸುಳಿವಿದೆ. ಹಲವು ತಲೆಮಾರಿನ ವಿದ್ಯಾರ್ಥಿಗಳು ಪಠ್ಯಪುಸ್ತಕಗಳಲ್ಲಿ ಓದಿರುವ ಮುದ್ದಣ ಮನೋರಮೆಯರ ಸಲ್ಲಾಪ ಅದು. ಮಳೆಗಾಲದ ದಿನ. ದಣಿದು ಮನೆಗೆ ಬಂದ ಕವಿಯನ್ನು ಮಡದಿ ಉಪಚರಿಸಿ, ಹೊತ್ತು ಹೋಗುವುದಿಲ್ಲ, ಕಥೆ ಹೇಳು ಎಂದು ಕೇಳುತ್ತಾಳೆ. ಅವನು ರಾಮಕಥೆಯನ್ನು ಆರಿಸುತ್ತಾನೆ. ಪದ್ಯದಲ್ಲಿ ಹೇಳಹೊರಟರೆ ಅವಳು ಒಪ್ಪುವುದಿಲ್ಲ, ಗದ್ಯ ಬೇಕೆನ್ನುತ್ತಾಳೆ. ಸಂಸ್ಕೃತದ ಭಾರ ಹೇರಿದರೆ ತಡೆದು ತಿಳಿಯಾದ ಕನ್ನಡವನ್ನು ಕೇಳುತ್ತಾಳೆ. ಕಥೆ ಸಾಗಿದಂತೆ ನಡುನಡುವೆ ಬಾಯಿಹಾಕಿ ಹಾಸ್ಯ ಮಾಡುತ್ತಾಳೆ, ಸಂದೇಹ ಎತ್ತುತ್ತಾಳೆ, ಕವಿಯ ಬಡತನವನ್ನೂ ಬಿಡುವುದಿಲ್ಲ. ಮನೋರಮೆ ಕಾವ್ಯದ ಪಾತ್ರ, ಅವಳೇ ಕಮಲ ಎಂದು ನಾವು ಸಾಧಿಸಹೊರಡುವುದಿಲ್ಲ. ಆದರೆ ಕಥೆಯೊಳಗಿನ ಕವಿ ಅರಮನೆಯಿಂದ ಮನೆಗೆ ಬರುತ್ತಾನೆ, ಬರೆದವರು ಬರುತ್ತಿದ್ದುದು ಶಾಲೆಯ ಬಯಲಿನಿಂದ. ದಣಿವು ಮಾತ್ರ ಅದೇ. ದಣಿದು ಬಂದ ಮೇಲೆ ಮನೆಯ ಮಾತುಕತೆಯಿಂದ ಬಿಡಿಸಿಕೊಂಡು ಹೋಗಿ ಬರೆಯಬೇಕು ಎಂದು ನಾವು ತಿಳಿದಿರುತ್ತೇವೆ. ಅವರು ಆ ಮಾತುಕತೆಯನ್ನೇ ಕೃತಿಯೊಳಗೆ ಕರೆದುಕೊಂಡರು. ಊಟ, ತಾಂಬೂಲ, ಗಂಡಹೆಂಡಿರ ಕೀಟಲೆ, ಮಳೆಯ ಬೇಸರ ಎಲ್ಲವೂ ಬರೆಹದ ಭಾಗವಾದವು. ಆ ಕೇಳುಗಳನ್ನು ತೆಗೆದುಬಿಟ್ಟರೆ ಉಳಿಯುವುದು ಇನ್ನೊಂದು ಪುರಾಣಕಥೆಯ ಗದ್ಯ ಅಷ್ಟೆ.

ನಮ್ಮ ಶಾಲೆಯ ಮನೆಗಳಲ್ಲಿ ಇಂದು ಇಲ್ಲವಾಗುತ್ತಿರುವುದು ಹೊತ್ತಿಗಿಂತ ಹೆಚ್ಚಾಗಿ ಈ ಕೇಳುಗಳೇ ಇರಬೇಕೆಂದು ನಮಗೆ ತೋರುತ್ತದೆ. ಮಗು ಬರೆದ ನಾಲ್ಕು ಸಾಲನ್ನು ತಿದ್ದುವ ನಾವಿದ್ದೇವೆ, ಅಂಕ ಕೊಡುವ ನಾವಿದ್ದೇವೆ. ಮುಂದೇನಾಯಿತು ಎಂದು ಕೇಳುವವರು ವಿರಳ. ಅಕ್ಕಲಕೋಟೆಯ ಕಡೆಯ ಮನೆಯಲ್ಲಿ ರೊಟ್ಟಿ ಬಡಿಯುತ್ತಲೇ ಕೇಳಬಹುದು, ತಾಳವಾಡಿಯಲ್ಲಿ ಹೊಲದಿಂದ ಬಂದು ಕಾಲು ತೊಳೆಯುತ್ತಲೇ ಕೇಳಬಹುದು.

ಅವರ ಬದುಕನ್ನು ಸುಂದರಗೊಳಿಸಿ ಹೇಳಲು ಮಾತ್ರ ನಾವು ಸಿದ್ಧರಿಲ್ಲ. ದುಡಿಮೆ, ಅರೆಹೊಟ್ಟೆಯ ಸಂಬಳ, ರಾತ್ರಿಯ ಬರೆಹ, ಇವುಗಳ ಬೆಲೆಯನ್ನು ದೇಹ ತೆತ್ತಿತು. ಹುಡುಗರ ಮೈಯನ್ನು ಗಟ್ಟಿಮಾಡುವುದೇ ಕಸುಬಾಗಿದ್ದವರನ್ನು ಕ್ಷಯರೋಗ ಹಿಡಿಯಿತು. ಆಗ ಅದಕ್ಕೆ ಮದ್ದಿರಲಿಲ್ಲ. 1901ರ ಫೆಬ್ರವರಿಯಲ್ಲಿ ಅವರು ತೀರಿಕೊಂಡಾಗ ವಯಸ್ಸು 31. ಗೋದಾವರಿ ಎಂಬ ಕಾದಂಬರಿಯನ್ನು ಬರೆಯತೊಡಗಿದ್ದರು, ಅದು ನಮಗೆ ದಕ್ಕಲಿಲ್ಲ. ರಾತ್ರಿ ನಿದ್ದೆಗೆಟ್ಟು ಬರೆಯಿರಿ ಎಂದು ಯಾವ ಶಿಕ್ಷಕನಿಗೂ ಯಾವ ತಾಯಿಗೂ ನಾವು ಹೇಳಲಾರೆವು. ಒಳ್ಳೆಯ ಸಂಬಳವೂ ಒಂದಿಷ್ಟು ವಿರಾಮವೂ ಇದ್ದಿದ್ದರೆ ಕನ್ನಡಕ್ಕೆ ಇನ್ನೆಷ್ಟು ದೊರೆಯುತ್ತಿತ್ತೋ.

ಮುದ್ದಣನೆಂದರೆ ಹಳೆಯ ಕಾಲದವನಲ್ಲ, ಕುಂದಾಪುರ ಉಡುಪಿಗಳಲ್ಲಿ ಪಾಠ ಹೇಳುತ್ತಿದ್ದ ಮಾಸ್ತರರೇ ಎಂಬುದು ಕನ್ನಡ ನಾಡಿಗೆಲ್ಲ ತಿಳಿದುಬಂದದ್ದು ಅವರು ಹೋದ ಮೇಲೆ. ಪಂಜೆ ಮಂಗೇಶರಾಯರೂ ಬೆನಗಲ್ ರಾಮರಾಯರೂ ಆ ಸಂಗತಿಯನ್ನು ಬೆಳಕಿಗೆ ತರಲು ಶ್ರಮಿಸಿದರು. ಅಷ್ಟರಲ್ಲಿ ಕವಾಯತು ಕಲಿತ ಹುಡುಗರು ದೊಡ್ಡವರಾಗಿದ್ದರು. ತಮ್ಮನ್ನು ಸಾಲಿನಲ್ಲಿ ನಿಲ್ಲಿಸಿದವರು ಯಾರೆಂದು ಅವರಲ್ಲಿ ಕೆಲವರಿಗಾದರೂ ಆಗ ತಿಳಿದಿರಬೇಕು. ಕುಮಾರವಿಜಯ ಈಗಲೂ ರಂಗದ ಮೇಲಿದೆ. ಆಟಿಯ ಮಳೆಯಲ್ಲಿ ತಾಳಮದ್ದಳೆಗೆ ಕುಳಿತಾಗ ಭಾಗವತರು ಆ ಪ್ರಸಂಗವನ್ನೆತ್ತಿಕೊಂಡರೆ, ಪಕ್ಕದಲ್ಲಿ ಕುಳಿತ ಮಗುವಿಗೆ ಅದನ್ನು ಬರೆದವರು ಒಬ್ಬ ಡ್ರಿಲ್ಲು ಮಾಸ್ತರರೆಂದು ನಾವು ಪಿಸುಗುಟ್ಟುತ್ತೇವೆ.