ರೈಲಿಗೆ ನಿಲ್ಲುವುದನ್ನು ಕಲಿಸಿದ ವೆಸ್ಟಿಂಗ್‌ಹೌಸ್

ಸೊರಬದವರು ರೈಲು ಹತ್ತಬೇಕಾದರೆ ಸಾಗರಕ್ಕೋ ತಾಳಗುಪ್ಪಕ್ಕೋ ಹೋಗುವುದು, ಶಿಕಾರಿಪುರದವರು ಶಿವಮೊಗ್ಗಕ್ಕೆ ಬರುವುದು ಬಹುಕಾಲದ ರೂಢಿ. ಶಿವಮೊಗ್ಗ-ಶಿಕಾರಿಪುರ-ರಾಣೆಬೆನ್ನೂರು ಹೊಸ ಮಾರ್ಗಕ್ಕೆ 2023ರ ಫೆಬ್ರುವರಿ 27ರಂದು ಶಂಕುಸ್ಥಾಪನೆಯಾಯಿತು. ಅದೇ ದಿನ ಶಿವಮೊಗ್ಗ ಸಮೀಪದ ಕೋಟೆಗಂಗೂರಿನ ಬೋಗಿ ನಿರ್ವಹಣಾ ಡಿಪೊಗೂ ಅಡಿಗಲ್ಲು ಬಿತ್ತು. ಇಂತಹ ಡಿಪೊಗಳಲ್ಲಿ ನಡೆಯುವ ಮುಖ್ಯ ಕಾರ್ಯಗಳಲ್ಲಿ ಬ್ರೇಕ್ ತಪಾಸಣೆಯೂ ಒಂದು. ಆ ಬ್ರೇಕಿನ ಮೂಲತತ್ವವನ್ನು ಜಗತ್ತಿಗೆ ನೀಡಿದವರು ಅಮೆರಿಕದ ಜಾರ್ಜ್ ವೆಸ್ಟಿಂಗ್‌ಹೌಸ್.

1846ರ ಅಕ್ಟೋಬರ್ 6ರಂದು ನ್ಯೂಯಾರ್ಕ್ ರಾಜ್ಯದ ಸೆಂಟ್ರಲ್ ಬ್ರಿಜ್ ಎಂಬ ಸಣ್ಣ ಊರಿನಲ್ಲಿ ಅವರು ಜನಿಸಿದರು. ತಂದೆಗೆ ಯಂತ್ರೋಪಕರಣಗಳ ಕಾರ್ಖಾನೆಯಿತ್ತು. ಹದಿಹರೆಯದಲ್ಲೇ ಅಂತರ್ಯುದ್ಧದಲ್ಲಿ ಸೇವೆ ಸಲ್ಲಿಸಿ ಮರಳಿದ ಜಾರ್ಜ್, ಕಾಲೇಜಿನಲ್ಲಿ ಹೆಚ್ಚು ದಿನ ನಿಲ್ಲಲಿಲ್ಲ. ಕಾರ್ಖಾನೆಯೇ ಅವರ ಪಾಠಶಾಲೆಯಾಯಿತು.

ಬೋಗಿಯ ಮೇಲಿನ ಸಾವು

ಆ ಕಾಲದಲ್ಲಿ ರೈಲು ನಿಲ್ಲಿಸುವುದು ಮನುಷ್ಯರ ತೋಳ್ಬಲವನ್ನು ನಂಬಿದ ಕೆಲಸ. ಚಾಲಕ ಸೀಟಿ ಊದಿದೊಡನೆ ಬ್ರೇಕ್ ಆಳುಗಳು ಓಡುವ ಬೋಗಿಗಳ ಛಾವಣಿಯ ಮೇಲೆ ಹಾರುತ್ತ ಒಂದೊಂದೇ ಬೋಗಿಯ ಚಕ್ರವನ್ನು ಕೈಯಿಂದ ತಿರುಗಿಸಬೇಕಿತ್ತು. ಮಳೆ, ಹಿಮದಲ್ಲಿ ಕಾಲು ಜಾರಿ ಸತ್ತವರು ಅನೇಕರು. 1866ರಲ್ಲಿ ಎರಡು ಸರಕು ರೈಲುಗಳ ಡಿಕ್ಕಿಯನ್ನು ಕಂಡ ವೆಸ್ಟಿಂಗ್‌ಹೌಸ್ ಮನಸ್ಸಿನಲ್ಲಿ ಬ್ರೇಕಿನ ಪ್ರಶ್ನೆ ಬೇರೂರಿತು. ಸರಪಳಿ, ಉಗಿ ಎಲ್ಲವನ್ನೂ ಯೋಚಿಸಿ ಕೈಬಿಟ್ಟರು. ಆಲ್ಪ್ಸ್ ಪರ್ವತದ ಮಾಂಟ್ ಸೆನಿ ಸುರಂಗದಲ್ಲಿ ಬಂಡೆ ಕೊರೆಯಲು ಸಂಕುಚಿತ ಗಾಳಿಯನ್ನು ದೂರದವರೆಗೆ ಕೊಳವೆಯಲ್ಲಿ ಒಯ್ಯುತ್ತಿದ್ದ ಸುದ್ದಿ ಓದಿದಾಗ ದಾರಿ ಹೊಳೆಯಿತು. 1869ರಲ್ಲಿ ಪೇಟೆಂಟ್ ದೊರೆಯಿತು. ಅದೇ ವರ್ಷ ಪಿಟ್ಸ್‌ಬರ್ಗ್‌ನಲ್ಲಿ ಕಂಪೆನಿ ಆರಂಭವಾಯಿತು.

ಆದರೆ ಮೊದಲ ವಿನ್ಯಾಸದಲ್ಲಿ ದೊಡ್ಡ ದೋಷವೊಂದಿತ್ತು. ಗಾಳಿ ತುಂಬಿದರೆ ಮಾತ್ರ ಬ್ರೇಕ್ ಹಿಡಿಯುತ್ತಿತ್ತು. ಕೊಳವೆ ಒಡೆದರೆ, ಬೋಗಿ ಕಳಚಿದರೆ, ಬ್ರೇಕೇ ಇಲ್ಲ.

ತಿರುಗುಮುರುಗಾದ ತತ್ವ

1872ರಲ್ಲಿ, 25ನೆಯ ವಯಸ್ಸಿನಲ್ಲಿ, ಅವರು ಇಡೀ ತತ್ವವನ್ನೇ ತಿರುಗಿಸಿದರು. ಪ್ರತಿ ಬೋಗಿಗೂ ಒಂದು ಗಾಳಿ ತೊಟ್ಟಿ, ಒಂದು ಟ್ರಿಪಲ್ ವಾಲ್ವ್ ಅಳವಡಿಸಿದರು. ಎಂಜಿನ್‌ನಿಂದ ಕೊನೆಯ ಬೋಗಿಯವರೆಗೆ ಹಾಯುವ ಕೊಳವೆಯಲ್ಲಿ ಒತ್ತಡ ತುಂಬಿರುವವರೆಗೆ ತೊಟ್ಟಿಗಳು ತುಂಬುತ್ತವೆ, ಬ್ರೇಕ್ ಸಡಿಲವಾಗಿರುತ್ತದೆ. ಒತ್ತಡ ಇಳಿದೊಡನೆ ವಾಲ್ವ್ ತೊಟ್ಟಿಯ ಗಾಳಿಯನ್ನು ಸಿಲಿಂಡರಿಗೆ ಬಿಡುತ್ತದೆ, ಬ್ರೇಕ್ ಬಿಗಿಯುತ್ತದೆ. ಚಾಲಕ ಒತ್ತಡ ಇಳಿಸಿದರೂ ಸರಿ, ಪ್ರಯಾಣಿಕರು ಸರಪಳಿ ಎಳೆದರೂ ಸರಿ, ಕೊಳವೆ ತುಂಡಾದರೂ ಸರಿ, ಪರಿಣಾಮ ಒಂದೇ. ಕೆಟ್ಟುಹೋದಾಗಲೂ ರೈಲು ನಿಲ್ಲಬೇಕೆಂಬುದೇ ಇದರ ತಿರುಳು.

ಇದರ ಬೆಲೆ ಏನೆಂಬುದನ್ನು 1889ರ ಜೂನ್ 12ರಂದು ಐರ್ಲೆಂಡಿನ ಆರ್ಮಾ ದುರಂತ ತೋರಿಸಿತು. ಏರುದಾರಿಯಲ್ಲಿ ನಿಂತ ವಿಹಾರ ರೈಲಿನ ಹಿಂದಿನ ಬೋಗಿಗಳನ್ನು ಕಳಚಿದಾಗ ಅವುಗಳಿಗೆ ತಾನಾಗಿ ಹಿಡಿಯುವ ಬ್ರೇಕ್ ಇರಲಿಲ್ಲ. ಹಿಮ್ಮುಖವಾಗಿ ಉರುಳಿ, ಹಿಂದೆ ಬರುತ್ತಿದ್ದ ರೈಲಿಗೆ ಅಪ್ಪಳಿಸಿದವು. ಸುಮಾರು 80 ಮಂದಿ ಸತ್ತರು. ಅದೇ ವರ್ಷ ಬ್ರಿಟನ್ ಪ್ರಯಾಣಿಕ ರೈಲುಗಳಿಗೆ ಸ್ವಯಂಚಾಲಿತ ಬ್ರೇಕ್ ಕಡ್ಡಾಯಗೊಳಿಸಿತು.

ಉದ್ದನೆಯ ಸರಕು ರೈಲು ಇನ್ನೊಂದು ಸವಾಲು. 1886-87ರ ಬರ್ಲಿಂಗ್ಟನ್ ಪ್ರಯೋಗಗಳಲ್ಲಿ 50 ಬೋಗಿಗಳ ರೈಲಿಗೆ ಬ್ರೇಕ್ ಹಾಕಿದಾಗ ಮುಂದಿನವು ನಿಂತು, ಹಿಂದಿನವು ಬಂದು ಗುದ್ದಿದವು. ವೆಸ್ಟಿಂಗ್‌ಹೌಸ್ ಎದೆಗುಂದದೆ ವಾಲ್ವನ್ನು ಸುಧಾರಿಸಿ, ಒತ್ತಡದ ಇಳಿತ ಕೊನೆಯ ಬೋಗಿಯನ್ನು ಶೀಘ್ರವಾಗಿ ಮುಟ್ಟುವಂತೆ ಮಾಡಿದರು. 1893ರಲ್ಲಿ ಅಮೆರಿಕ ಕಾನೂನಿನ ಮೂಲಕ ಗಾಳಿ ಬ್ರೇಕನ್ನು ಕಡ್ಡಾಯಗೊಳಿಸಿತು.

ಭಾರತಕ್ಕೆ ಬಂದ ಬಗೆ

ಬ್ರಿಟಿಷರ ಒಲವು ವ್ಯಾಕ್ಯೂಮ್ ಬ್ರೇಕಿನತ್ತ ಇದ್ದುದರಿಂದ ಭಾರತದಲ್ಲಿಯೂ ಬಹುಕಾಲ ಅದೇ ನಡೆಯಿತು. ಅದೂ ತಾನಾಗಿ ಹಿಡಿಯುವ ಬ್ರೇಕೇ. ಆದರೆ ವಾತಾವರಣದ ಒತ್ತಡಕ್ಕಿಂತ ಹೆಚ್ಚಿನ ಬಲ ಅದಕ್ಕಿಲ್ಲ. ಭಾರವಾದ, ಉದ್ದವಾದ ರೈಲುಗಳು ಬಂದಂತೆ ಭಾರತೀಯ ರೈಲ್ವೆ ಗಾಳಿ ಬ್ರೇಕಿಗೆ ಹೊರಳಿತು. ಈಗ ಬ್ರೇಕ್ ಕೊಳವೆಯಲ್ಲಿ ಪ್ರತಿ ಚದರ ಸೆಂಟಿಮೀಟರಿಗೆ 5 ಕಿಲೋಗ್ರಾಂ ಒತ್ತಡವಿರುತ್ತದೆ. ಎಲ್‌ಎಚ್‌ಬಿ ಬೋಗಿಗಳಲ್ಲಿ ಚಕ್ರದ ಅಂಚನ್ನು ಒತ್ತುವ ಬದಲು ಅಚ್ಚಿನ ಮೇಲಿನ ಡಿಸ್ಕನ್ನು ಹಿಡಿಯಲಾಗುತ್ತದೆ. ಗಾಳಿಯ ತತ್ವ ಮಾತ್ರ 1872ರದೇ.

ವೆಸ್ಟಿಂಗ್‌ಹೌಸ್ ಅಲ್ಲಿಗೇ ನಿಲ್ಲಲಿಲ್ಲ. 1888ರಲ್ಲಿ ನಿಕೋಲಾ ಟೆಸ್ಲಾರ ಪೇಟೆಂಟುಗಳನ್ನು ಪಡೆದು, ಎಡಿಸನ್‌ರ ಪ್ರಬಲ ವಿರೋಧದ ನಡುವೆಯೂ ಪರ್ಯಾಯ ವಿದ್ಯುತ್ತನ್ನು ಗೆಲ್ಲಿಸಿದರು. 360ಕ್ಕೂ ಹೆಚ್ಚು ಪೇಟೆಂಟುಗಳು ಅವರ ಹೆಸರಿನಲ್ಲಿದ್ದವು. 1907ರ ಆರ್ಥಿಕ ಕುಸಿತದಲ್ಲಿ ವಿದ್ಯುತ್ ಕಂಪೆನಿಯ ಹಿಡಿತ ಕೈತಪ್ಪಿತು. 1914ರ ಮಾರ್ಚ್ 12ರಂದು ನ್ಯೂಯಾರ್ಕಿನಲ್ಲಿ ನಿಧನರಾದರು.

ಶಿಕಾರಿಪುರದ ಹಾದಿಯಲ್ಲಿ ಓಡಲಿರುವ ರೈಲುಗಳೂ ಹೊರಡುವ ಮುನ್ನ ಕೊಳವೆಯಲ್ಲಿ ಒತ್ತಡ ತುಂಬಿಕೊಂಡು, ಕೊನೆಯ ಬೋಗಿಯವರೆಗೂ ಬ್ರೇಕ್ ಹಿಡಿಯುವುದೇ ಎಂಬ ಪರೀಕ್ಷೆಗೆ ಒಳಗಾಗಲಿವೆ. ಛಾವಣಿಯ ಮೇಲೆ ಓಡಿ ಪ್ರಾಣ ಪಣಕ್ಕಿಡುವ ಕೆಲಸ ಇಂದು ಯಾರಿಗೂ ಉಳಿದಿಲ್ಲ.